ಬೆಂಗಳೂರಿನಲ್ಲಿ ಹೊಸ ಕಾರು: ಡೀಲರ್ ಹತ್ತಿರ ಚೌಕಾಸಿಯೋ, ಕಂಪನಿಯಿಂದಲೇ ನೇರ ಖರೀದಿಯೋ?

ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ, ಹೊಸಕೋಟೆಯಲ್ಲಿ ವೋಲ್ವೊ ಕಾರುಗಳ ಜೋಡಣೆ ನಡೆಯುತ್ತದೆ. ಹಾಗಂತ ಗೇಟಿನಲ್ಲಿ ನಿಂತು ದುಡ್ಡು ಕಟ್ಟಿ ಕಾರು ತರಲಾಗದು. ಕಾರ್ಖಾನೆ ಮನೆಯಿಂದ ಒಂದು ಗಂಟೆ ದೂರದಲ್ಲಿದ್ದರೂ ಬಿಲ್ ಆಗುವುದು ಶೋರೂಮ್‌ನಲ್ಲೇ. ಆದರೂ "ಕಂಪನಿಯಿಂದ ನೇರವಾಗಿ ತಗೊಂಡ್ರೆ ಡೀಲರ್ ಕಮಿಷನ್ ಉಳಿಯುತ್ತೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೆಲವು ಬ್ರ್ಯಾಂಡ್‌ಗಳಲ್ಲಿ ನೇರ ಖರೀದಿ ನಿಜವಾಗಿಯೂ ಇದೆ. ಆದರೆ ಕಮಿಷನ್ ಉಳಿದು ನಿಮ್ಮ ಕೈಗೆ ಬರುತ್ತದೆ ಎಂಬ ಭಾಗ ಮಾತ್ರ ಬಹುತೇಕ ತಪ್ಪು.

ಯಾವುದು ನೇರ, ಯಾವುದು ಅಲ್ಲ

ಮಾರುತಿ, ಹ್ಯುಂಡೈ, ಟಾಟಾ, ಮಹೀಂದ್ರಾ ಎಲ್ಲರ ವೆಬ್‌ಸೈಟ್‌ನಲ್ಲೂ ಬುಕಿಂಗ್ ಬಟನ್ ಇದೆ. ಅದನ್ನು ಒತ್ತಿದರೆ ಮುಂದಿನ ಪುಟದಲ್ಲೇ ಡೀಲರ್ ಆಯ್ಕೆ ಮಾಡಲು ಹೇಳುತ್ತದೆ. ಅಲ್ಲಿಂದಾಚೆಗೆ ಫೋನ್ ಮಾಡುವವರು, ಕೊಟೇಶನ್ ಕೊಡುವವರು, ಬಿಲ್ ಹಾಕುವವರು ಎಲ್ಲರೂ ಡೀಲರ್ ಕಡೆಯವರೇ. ಇದು ಆನ್‌ಲೈನ್ ಬುಕಿಂಗ್ ಅಷ್ಟೇ, ನೇರ ಖರೀದಿ ಅಲ್ಲ. ಹೀಗೆ ಬುಕ್ ಮಾಡಿದವರಿಗೂ ಚೌಕಾಸಿ ಮಾಡುವ ಅವಕಾಶ ಪೂರ್ತಿ ಇದೆ. "ಆನ್‌ಲೈನ್ ಬುಕಿಂಗ್‌ಗೆ ಡಿಸ್ಕೌಂಟ್ ಇಲ್ಲ ಸರ್" ಎಂದರೆ ನಂಬಬೇಡಿ.

ನಿಜವಾದ ನೇರ ಮಾರಾಟದಲ್ಲಿ ತೆರಿಗೆ ಇನ್ವಾಯ್ಸ್ ಬರುವುದು ತಯಾರಕ ಕಂಪನಿಯ ಹೆಸರಿನಲ್ಲಿ. ಮರ್ಸಿಡಿಸ್-ಬೆಂಜ್ 2021ರ ಅಕ್ಟೋಬರ್‌ನಿಂದ ಭಾರತದಲ್ಲಿ ಹೀಗೆ ಮಾರುತ್ತಿದೆ. ಸ್ಟಾಕ್ ಕಂಪನಿಯದು, ಬಿಲ್ ಕಂಪನಿಯದು, ದೇಶಕ್ಕೆಲ್ಲ ಒಂದೇ ಎಕ್ಸ್-ಶೋರೂಮ್ (ರಸ್ತೆ ತೆರಿಗೆ, ವಿಮೆ ಸೇರದ) ಬೆಲೆ. ಶೋರೂಮ್ ನಡೆಸುವವರು ಹಳೆಯ ಡೀಲರ್‌ಗಳೇ, ಆದರೆ ಅವರಿಗೆ ಸಿಗುವುದು ಪ್ರತಿ ಕಾರಿಗಿಷ್ಟು ಎಂಬ ಕಮಿಷನ್. ಟೆಸ್ಲಾ 2025ರ ಜುಲೈನಲ್ಲಿ ಮುಂಬೈನ ಬಿಕೆಸಿಯಲ್ಲಿ ಬಾಗಿಲು ತೆರೆದಾಗಲೇ ಡೀಲರ್‌ಗಳನ್ನು ಇಟ್ಟುಕೊಳ್ಳಲಿಲ್ಲ. 2022ರಲ್ಲಿ ವೋಲ್ವೊ ಎಕ್ಸ್‌ಸಿ40 ರೀಚಾರ್ಜ್ ವಿದ್ಯುತ್ ಕಾರಿನ ಮಾರಾಟವನ್ನು ತನ್ನ ವೆಬ್‌ಸೈಟ್ ಮೂಲಕವೇ ನಡೆಸಿತು. ಅಂದರೆ ನಿಮ್ಮ ಬಜೆಟ್ 25 ಲಕ್ಷದ ಒಳಗಿದ್ದರೆ ಡೀಲರ್ ದಾರಿ ಬಿಟ್ಟರೆ ಬೇರೆ ದಾರಿ ಸಿಗುವುದು ಕಷ್ಟ. ಹೋಲಿಕೆಗೆ ನಿಜವಾಗಿ ಅರ್ಥ ಬರುವುದು ಐಷಾರಾಮಿ ಕಾರುಗಳಲ್ಲಿ, ಕೆಲವು ವಿದ್ಯುತ್ ಕಾರುಗಳಲ್ಲಿ.

ಅನುಮಾನವಿದ್ದರೆ ಬುಕಿಂಗ್‌ಗೆ ಮೊದಲೇ ಒಂದು ಪ್ರಶ್ನೆ ಕೇಳಿ: "ಟ್ಯಾಕ್ಸ್ ಇನ್ವಾಯ್ಸ್ ಯಾರ ಹೆಸರಲ್ಲಿ ಬರುತ್ತೆ?"

ಡೀಲರ್ ಕೊಡುವ ರಿಯಾಯಿತಿ ಯಾರ ಜೇಬಿನದು

ಡೀಲರ್ ಕಂಪನಿಯಿಂದ ಕಾರನ್ನು ಮೊದಲೇ ಕೊಂಡಿರುತ್ತಾರೆ, ಅದೂ ಬಹುಪಾಲು ಬ್ಯಾಂಕ್ ಸಾಲದಲ್ಲಿ. ಯಾರ್ಡ್‌ನಲ್ಲಿ ನಿಂತಷ್ಟು ದಿನವೂ ಬಡ್ಡಿ ಓಡುತ್ತದೆ. ಡೀಲರ್‌ಗಳ ಒಕ್ಕೂಟ ಫಾಡಾ 21 ದಿನದ ಸ್ಟಾಕ್ ಸಾಕು ಎಂದು ಹೇಳುತ್ತಲೇ ಬಂದಿದೆ. ಎರಡು ಮೂರು ತಿಂಗಳಿಂದ ನಿಂತ ಕಾರನ್ನು ಹೇಗಾದರೂ ಸಾಗಿಸಬೇಕೆಂಬ ತವಕ ಡೀಲರ್‌ಗೆ ಇದ್ದೇ ಇರುತ್ತದೆ. ನಿಮ್ಮ ಚೌಕಾಸಿಗೆ ಬಲ ಬರುವುದು ಅಲ್ಲಿಂದ. ಹೊಸದಾಗಿ ಬಂದ, ನಾಲ್ಕು ತಿಂಗಳ ವೇಟಿಂಗ್ ಇರುವ ಮಾಡೆಲ್‌ಗೆ ಎಷ್ಟು ಮಾತಾಡಿದರೂ ಗಂಟಲು ಒಣಗುತ್ತದೆಯೇ ಹೊರತು ಬೆಲೆ ಇಳಿಯುವುದಿಲ್ಲ.

ರಿಯಾಯಿತಿ ಎಂದು ಒಟ್ಟಾಗಿ ಹೇಳುವ ಮೊತ್ತದಲ್ಲಿ ಎರಡು ಬಗೆ ಇರುತ್ತದೆ. ಕನ್ಸ್ಯೂಮರ್ ಆಫರ್, ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ಡಿಸ್ಕೌಂಟ್, ಲಾಯಲ್ಟಿ, ಸ್ಕ್ರ್ಯಾಪೇಜ್ (ಹಳೆ ಗಾಡಿ ಗುಜರಿಗೆ ಹಾಕಿದ್ದಕ್ಕೆ ಕೊಡುವುದು) ಇವೆಲ್ಲ ಕಂಪನಿಯ ದುಡ್ಡು. ಡೀಲರ್ ಬಿಲ್ ಹಾಕಿ, ದಾಖಲೆ ಕಳಿಸಿ, ಆಮೇಲೆ ಕಂಪನಿಯಿಂದ ವಸೂಲಿ ಮಾಡಿಕೊಳ್ಳುತ್ತಾರೆ. ಇವಕ್ಕೆ ಚೌಕಾಸಿ ಬೇಕಿಲ್ಲ, ಅರ್ಹತೆ ಇದ್ದರೆ ಸಿಗಲೇಬೇಕು. ಕಾರ್ಪೊರೇಟ್ ಆಫರ್‌ಗೆ ನಿಮ್ಮ ಸಂಸ್ಥೆ ಆ ಕಂಪನಿಯ ಪಟ್ಟಿಯಲ್ಲಿರಬೇಕು, ಐಡಿ ಕಾರ್ಡ್ ಅಥವಾ ಸಂಬಳದ ಚೀಟಿ ಕೇಳುತ್ತಾರೆ. ಬೆಂಗಳೂರಿನಲ್ಲಿ ಐಟಿ ಕಂಪನಿ, ಬ್ಯಾಂಕ್, ಸಾರ್ವಜನಿಕ ಉದ್ದಿಮೆ ಎಂದು ಅರ್ಧ ಊರೇ ಇಂಥ ಪಟ್ಟಿಗಳಲ್ಲಿ ಇರುವುದರಿಂದ ಕೇಳದೆ ಬಿಡಬೇಡಿ. ನಿಮಗಿಲ್ಲದಿದ್ದರೆ ಹೆಂಡತಿಗೋ ಗಂಡನಿಗೋ ಇರಬಹುದು, ಕಾರು ಯಾರ ಹೆಸರಿಗೆ ಎಂಬುದನ್ನು ಆಮೇಲೆ ತೀರ್ಮಾನಿಸಿ. ಸೈನಿಕರು ಮತ್ತು ಮಾಜಿ ಸೈನಿಕರಿಗೆ ಸಿಎಸ್‌ಡಿ (ಸೇನಾ ಕ್ಯಾಂಟೀನ್) ದಾರಿಯೇ ಬೇರೆ. ಜಿಎಸ್‌ಟಿ ವಿನಾಯಿತಿ ಸೇರಿದ ನಿಗದಿತ ಬೆಲೆ, ಡೆಲಿವರಿ ಮಾತ್ರ ಡೀಲರ್ ಹತ್ತಿರ. ಆ ಬೆಲೆಯನ್ನು ಶೋರೂಮ್ ಚೌಕಾಸಿ ಸರಿಗಟ್ಟುವುದು ಅಪರೂಪ.

ಎರಡನೆಯ ಬಗೆ ಡೀಲರ್ ತನ್ನ ಮಾರ್ಜಿನ್‌ನಿಂದ ಬಿಟ್ಟುಕೊಡುವ ದುಡ್ಡು. ಚೌಕಾಸಿ ನಡೆಯುವುದು ಇದರ ಮೇಲೆ. ಜನಸಾಮಾನ್ಯರ ಕಾರುಗಳಲ್ಲಿ ಡೀಲರ್ ಮಾರ್ಜಿನ್ ಒಂದಂಕಿಯ ಶೇಕಡಾ ಅಷ್ಟೇ, ಆದ್ದರಿಂದ ಹನ್ನೆರಡು ಲಕ್ಷದ ಕಾರಿನ ಮೇಲೆ ಡೀಲರ್ ತನ್ನ ಕೈಯಿಂದ ಒಂದು ಲಕ್ಷ ಬಿಡುತ್ತಾನೆಂದು ನಿರೀಕ್ಷಿಸಬೇಡಿ. ಆದರೆ ಡೀಲರ್ ಲಾಭ ಬರೀ ಕಾರಿನಲ್ಲಿಲ್ಲ. ವಿಮೆ, ಸಾಲ, ಆಕ್ಸೆಸರಿ, ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ, ಹಳೆ ಕಾರಿನ ಮರುಮಾರಾಟ ಇವುಗಳಲ್ಲೂ ಇದೆ. ಎಕ್ಸ್-ಶೋರೂಮ್‌ನಲ್ಲಿ 20 ಸಾವಿರ ಬಿಟ್ಟು ವಿಮೆ ಮತ್ತು ಕಿಟ್‌ನಲ್ಲಿ 30 ಸಾವಿರ ತೆಗೆದುಕೊಳ್ಳುವುದು ಈ ವ್ಯಾಪಾರದ ಹಳೆಯ ಲೆಕ್ಕ.

ಆನ್-ರೋಡ್ ಮೊತ್ತವನ್ನು (ತೆರಿಗೆ, ವಿಮೆ ಎಲ್ಲ ಸೇರಿದ್ದನ್ನು) ಬಿಡಿಸಿ ನೋಡುವುದು

12,00,000 ರೂಪಾಯಿ ಎಕ್ಸ್-ಶೋರೂಮ್ ಬೆಲೆಯ, 1500 ಸಿಸಿ ಒಳಗಿನ ಪೆಟ್ರೋಲ್ ಕಾರು ಎಂದುಕೊಳ್ಳಿ.

ಮೊದಲು ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದರ ಮೇಲೆ 18%, ಜೊತೆಗೆ ತೆರಿಗೆಯ ಮೇಲೆ 11% ಸೆಸ್. ನಮ್ಮ ಕಾರಿಗೆ 2,04,000 ಮತ್ತು 22,440, ಒಟ್ಟು 2,26,440. ಇದರಲ್ಲಿ ಡೀಲರ್‌ಗೆ ಬಿಡಲು ಏನೂ ಇಲ್ಲ. ಆದರೆ ಗಮನಿಸಬೇಕಾದ ಒಂದು ಸಂಗತಿ ಇದೆ. ದರ ಇಡೀ ಬೆಲೆಗೆ ಅನ್ವಯಿಸುತ್ತದೆ, ಮಿತಿ ದಾಟಿದ ಭಾಗಕ್ಕಷ್ಟೇ ಅಲ್ಲ. 9.99 ಲಕ್ಷದ ಕಾರಿಗೆ ಸೆಸ್ ಸೇರಿ ಸುಮಾರು 1.55 ಲಕ್ಷ ತೆರಿಗೆ, 10.05 ಲಕ್ಷದ ಕಾರಿಗೆ ಸುಮಾರು 1.90 ಲಕ್ಷ. ಆರು ಸಾವಿರ ಹೆಚ್ಚಿನ ವೇರಿಯಂಟ್‌ಗೆ ತೆರಿಗೆಯೇ 34 ಸಾವಿರ ಹೆಚ್ಚು. ಈ ಗಡಿಯ ಮೇಲಿರುವ ವೇರಿಯಂಟ್‌ಗೆ ಹತ್ತು ಸಾವಿರದ ಡಿಸ್ಕೌಂಟ್‌ಗಾಗಿ ಜಗಳವಾಡುವುದಕ್ಕಿಂತ ಕೆಳಗಿನ ವೇರಿಯಂಟ್ ಸಾಕೇ ಎಂದು ಯೋಚಿಸುವುದು ಲಾಭ. ಡೀಲರ್ ಡಿಸ್ಕೌಂಟ್ ಕೊಟ್ಟು 10 ಲಕ್ಷದ ಕೆಳಗೆ ತಂದರೂ ತೆರಿಗೆ ಇಳಿಯುತ್ತದೆಂದು ಲೆಕ್ಕ ಹಾಕಬೇಡಿ.

ನೋಂದಣಿ ಶುಲ್ಕ 600, ಸಾಲವಿದ್ದರೆ ಹೈಪೊಥಿಕೇಶನ್‌ಗೆ (ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ನಮೂದಿಸಲು) 1,500, ಸ್ಮಾರ್ಟ್ ಕಾರ್ಡ್‌ಗೆ 200. ಕೊಟೇಶನ್‌ನಲ್ಲಿ "ಆರ್‌ಟಿಒ" ಎಂದು ಒಂದೇ ಸಾಲಿನಲ್ಲಿ 2,38,000 ಎಂದು ಬರೆದಿದ್ದರೆ ಮಿಕ್ಕ ಎಂಟು ಹತ್ತು ಸಾವಿರ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. "ಆರ್‌ಟಿಒ ಮೊತ್ತ ವಾಹನ್ ರಸೀದಿ ಪ್ರಕಾರ" ಎಂದು ಬರೆಸಿಕೊಳ್ಳಿ. ವಾಹನ್ ಎಂದರೆ ಸರ್ಕಾರದ ವಾಹನ ನೋಂದಣಿ ಪೋರ್ಟಲ್. ನಂಬರ್ ಪ್ಲೇಟ್‌ಗೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಕಿಲ್ಲ. 2019ರ ಏಪ್ರಿಲ್ ನಂತರದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್) ಕಾರಿನ ಜೊತೆಗೇ ಬರಬೇಕು. ಹ್ಯಾಂಡ್ಲಿಂಗ್ ಅಥವಾ ಲಾಜಿಸ್ಟಿಕ್ಸ್ ಚಾರ್ಜ್ ಎಂಬ ಸಾಲು ಕಂಡರೆ ಅದನ್ನು ಬಿಲ್‌ನಲ್ಲಿ ಹಾಗೆಂದೇ ನಮೂದಿಸಿ ಕೊಡಲು ಹೇಳಿ. ಬಹಳ ಸಲ ಆ ಸಾಲು ಅಲ್ಲೇ ಮಾಯವಾಗುತ್ತದೆ.

ಬೆಲೆ 10 ಲಕ್ಷ ಮೀರಿದ್ದರಿಂದ 1% ಟಿಸಿಎಸ್ (ಮಾರುವವರು ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ), ಅಂದರೆ 12,000. ಇದು ಖರ್ಚಲ್ಲ. ನಿಮ್ಮ ಪ್ಯಾನ್‌ಗೆ ಜಮೆಯಾಗುತ್ತದೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ನಿಮ್ಮ ಪ್ಯಾನ್‌ನ ತೆರಿಗೆ ಜಮೆ ಪಟ್ಟಿಯಲ್ಲಿ (26ಎಎಸ್) ಬಂದಿದೆಯೇ ಎಂದು ನೋಡಿಕೊಳ್ಳಿ.

ವಿಮೆಯಲ್ಲಿ ನಿಜವಾದ ಜಾಗ ಇದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ) ವಿಮೆ ಕಡ್ಡಾಯ. ಇದರ ದರ ಎಲ್ಲ ಕಂಪನಿಗಳಿಗೂ ಒಂದೇ. 1000 ಸಿಸಿವರೆಗೆ 6,521, 1500 ಸಿಸಿವರೆಗೆ 10,640, ಅದರ ಮೇಲೆ 24,596, ಇದಕ್ಕೆ ಜಿಎಸ್‌ಟಿ ಬೇರೆ. ವ್ಯತ್ಯಾಸ ಇರುವುದು ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗುವ ಹಾನಿಯ) ಭಾಗದಲ್ಲಿ ಮತ್ತು ಆಡ್-ಆನ್‌ಗಳಲ್ಲಿ. ಒಂದೇ ಐಡಿವಿ (ಕಾರು ಪೂರ್ತಿ ಹೋದರೆ ಸಿಗುವ ವಿಮಾ ಮೌಲ್ಯ), ಒಂದೇ ಆಡ್-ಆನ್ ಇಟ್ಟು ಹೊರಗಿನ ಕೊಟೇಶನ್ ತೆಗೆದರೆ ಹತ್ತು ಹದಿನೈದು ಸಾವಿರ ಕಡಿಮೆ ಬರುವುದು ಅಪರೂಪವಲ್ಲ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವ ಚಾಳಿಯೂ ಉಂಟು. ಹೊಸ ಕಾರಿಗೆ ಅದು ಎಕ್ಸ್-ಶೋರೂಮ್‌ನ 95% ಆಸುಪಾಸಿನಲ್ಲಿರಬೇಕು. ಮಳೆ ಬಂದರೆ ಅಂಡರ್‌ಪಾಸ್ ಕೆರೆಯಾಗುವ ಊರಿನಲ್ಲಿ ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗದ ಸವಕಳಿ ಕಳೆಯದೆ ಹಣ ಕೊಡುವ ಆಡ್-ಆನ್) ಜೊತೆ ಎಂಜಿನ್ ಪ್ರೊಟೆಕ್ಟ್ ಬಿಡಬೇಡಿ. ನೀರು ಹೊಕ್ಕ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ ಕೆಟ್ಟರೆ ಸಾಮಾನ್ಯ ಪಾಲಿಸಿ ಕೈಕೊಡುತ್ತದೆ.

ಡೀಲರ್ ವಿಮೆಯನ್ನೇ ಕೊಳ್ಳಬೇಕೆಂಬ ಕಡ್ಡಾಯ ಇಲ್ಲ. ಆದರೆ ಹೊರಗಡೆ ಪಾಲಿಸಿ ಮಾಡಿಸಲು ಚಾಸಿ ಮತ್ತು ಎಂಜಿನ್ ನಂಬರ್ ಬೇಕು, ಅದು ಕಾರು ಅಲಾಟ್ ಆದ ಮೇಲೇ ಸಿಗುತ್ತದೆ. ಚಾಸಿ ನಂಬರ್ ಇರುವ ಪ್ರೊಫಾರ್ಮಾ ಇನ್ವಾಯ್ಸ್ (ಅಂತಿಮ ಬಿಲ್‌ಗೆ ಮುಂಚಿನ ಕರಡು ಬಿಲ್) ಕೇಳಿ ತಗೊಳ್ಳಿ. "ಹೊರಗಿನ ವಿಮೆ ಆದ್ರೆ ನಮ್ಮಲ್ಲಿ ಕ್ಯಾಶ್‌ಲೆಸ್ ಇಲ್ಲ" ಎಂದರೆ ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ಆ ವರ್ಕ್‌ಶಾಪ್ ಹೆಸರು ಹುಡುಕಿ, ಉತ್ತರ ಅಲ್ಲೇ ಸಿಗುತ್ತದೆ. ಕೆಲವರು ಹೊರಗಿನ ವಿಮೆ ತಂದರೆ ಡಿಸ್ಕೌಂಟ್ ಕಡಿತ ಮಾಡುತ್ತಾರೆ. ಆಗ ತತ್ವಕ್ಕೆ ಜೋತುಬೀಳುವುದು ಬೇಡ, ಎರಡೂ ರೀತಿಯಲ್ಲಿ ಒಟ್ಟು ಮೊತ್ತ ಕೂಡಿಸಿ ಕಡಿಮೆ ಇರುವುದನ್ನು ಆರಿಸಿ.

ಸಾಲದ ವಿಷಯ ಚಿಕ್ಕದು, ಮೋಸ ದೊಡ್ಡದು. 10 ಲಕ್ಷಕ್ಕೆ ಐದು ವರ್ಷ, 9% ಆದರೆ ಕಂತು 20,758. 9.5% ಆದರೆ 21,002. ಅರ್ಧ ಶೇಕಡಾಕ್ಕೆ ಒಟ್ಟು 14,600 ರೂಪಾಯಿ, ಅಂದರೆ ನೀವು ಕಷ್ಟಪಟ್ಟು ಗಿಟ್ಟಿಸಿದ ಡಿಸ್ಕೌಂಟ್‌ನ ಒಳ್ಳೆಯ ಪಾಲು. "ಬರೀ 5% ಫ್ಲ್ಯಾಟ್" (ಮೊದಲ ಸಾಲದ ಮೊತ್ತದ ಮೇಲೇ ಕೊನೆವರೆಗೂ ಬಡ್ಡಿ) ಎಂದರೆ ರೆಡ್ಯೂಸಿಂಗ್ (ಉಳಿದ ಸಾಲದ ಮೇಲಷ್ಟೇ ಬಡ್ಡಿ) ಲೆಕ್ಕದಲ್ಲಿ 9% ದಾಟುತ್ತದೆ. ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕ್‌ನಿಂದ ಪ್ರೀ-ಅಪ್ರೂವ್ಡ್ ಪತ್ರ ಮೊದಲೇ ತಂದಿಡಿ, ಆಮೇಲೆ ಶೋರೂಮ್‌ನವರು ಅದಕ್ಕಿಂತ ಕಡಿಮೆ ಕೊಟ್ಟರೆ ಸಂತೋಷ.

ಕೊಟೇಶನ್ ತರಿಸುವ ಕ್ರಮ

ಕನಿಷ್ಠ ಮೂರು ಡೀಲರ್‌ಗಳಿಗೆ ಒಂದೇ ವಾಟ್ಸ್ಆ್ಯಪ್ ಸಂದೇಶ ಕಳಿಸಿ: ಮಾಡೆಲ್, ವೇರಿಯಂಟ್, ಬಣ್ಣ, ವೈಯಕ್ತಿಕ ನೋಂದಣಿ, ಆಕ್ಸೆಸರಿ ಬೇಡ, ಎಕ್ಸ್‌ಟೆಂಡೆಡ್ ವಾರಂಟಿ ಬೇಡ, ವಿಮೆ ಇದ್ದು ಮತ್ತು ಇಲ್ಲದೆ ಎರಡು ಮೊತ್ತ, ತಯಾರಿಕೆಯ ತಿಂಗಳು. ಹಳೆ ಕಾರಿನ ವಿಷಯ ಈ ಹಂತದಲ್ಲಿ ಎತ್ತಬೇಡಿ. ಎಕ್ಸ್‌ಚೇಂಜ್ ಬೆಲೆಯನ್ನು ಮೂವತ್ತು ಸಾವಿರ ಕಡಿಮೆ ಕಟ್ಟಿ, ಡಿಸ್ಕೌಂಟನ್ನು ಇಪ್ಪತ್ತು ಸಾವಿರ ಹೆಚ್ಚು ತೋರಿಸುವುದು ಸುಲಭ. ಹಳೆ ಕಾರಿಗೆ ಹೊರಗಡೆ ಎರಡು ಕಡೆ ಬೆಲೆ ಕಟ್ಟಿಸಿ, ಎಕ್ಸ್‌ಚೇಂಜ್ ಬೋನಸ್ ಸೇರಿಸಿ ಆಮೇಲೆ ಹೋಲಿಸಿ.

ಮೂರು ಕೊಟೇಶನ್ ಎಂದರೆ ಮೂರು ಮಾಲೀಕರದ್ದಾಗಿರಬೇಕು. ಬೆಂಗಳೂರಿನಲ್ಲಿ ಒಂದೇ ಡೀಲರ್ ಗುಂಪು ಮೈಸೂರು ರಸ್ತೆ, ಹೊಸೂರು ರಸ್ತೆ, ರಿಂಗ್ ರೋಡ್ ಎಂದು ಹಲವೆಡೆ ಶೋರೂಮ್ ಇಟ್ಟಿರುವುದು ಸಾಮಾನ್ಯ. ಎರಡು ಶಾಖೆಗಳ ನಡುವೆ ಸ್ಪರ್ಧೆ ಇಲ್ಲ, ಬೆಲೆ ಒಂದೇ ಕಡೆಯಿಂದ ಬರುತ್ತದೆ. ಕೊಟೇಶನ್‌ನಲ್ಲಿರುವ ಜಿಎಸ್‌ಟಿ ನಂಬರ್ ನೋಡಿ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರ ಮಾಲೀಕ ಸಂಸ್ಥೆಯ ಪ್ಯಾನ್. ಅದು ಎರಡೂ ಕಡೆ ಒಂದೇ ಆಗಿದ್ದರೆ ನೀವು ಒಬ್ಬರನ್ನೇ ಎರಡು ಸಲ ಕೇಳಿದ ಹಾಗೆ.

ಮೈಸೂರು, ತುಮಕೂರಿನ ಡೀಲರ್‌ನಿಂದಲೂ ತರಿಸಬಹುದು, ನೋಂದಣಿ ನಿಮ್ಮ ವಿಳಾಸದ ಆರ್‌ಟಿಒದಲ್ಲೇ ಮಾಡಿಸಿಕೊಡುತ್ತಾರೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಹೊಸೂರಿಗೆ ಹೋಗಿ ತಮಿಳುನಾಡು ನಂಬರ್ ಹಾಕಿಸಿ ತೆರಿಗೆ ಉಳಿಸುವ ಉಪಾಯ ಬೇಡ. ಬೆಂಗಳೂರಿನಲ್ಲೇ ಇಟ್ಟುಕೊಂಡು ಓಡಿಸುವ ಗಾಡಿಗೆ ಇಲ್ಲಿನ ತೆರಿಗೆ ಕಟ್ಟಲೇಬೇಕು, ಸಿಕ್ಕಿಬಿದ್ದರೆ ದಂಡ ಬೇರೆ.

ಅತಿ ಕಡಿಮೆ ಮೊತ್ತ ಕೊಟ್ಟವರದನ್ನು ನಿಮಗೆ ಅನುಕೂಲವಾದ ಡೀಲರ್‌ಗೆ ಒಂದು ಸಲ ತೋರಿಸಿ. "ಮ್ಯಾನೇಜರ್‌ನ ಕೇಳ್ಕೊಂಡು ಬರ್ತೀನಿ ಸರ್" ಎಂದು ಒಳಗೆ ಹೋಗಿ ಬಂದವರು ಕೊಡುವ ಎರಡನೆಯ ಬೆಲೆ ಸಾಮಾನ್ಯವಾಗಿ ಕೊನೆಯದರ ಹತ್ತಿರ ಇರುತ್ತದೆ. ಅದಾದ ಮೇಲೆ ಎರಡು ಸಾವಿರಕ್ಕಾಗಿ ಎಳೆದಾಡಿದರೆ ಡೆಲಿವರಿ ದಿನ ಮುಖ ಗಂಟಿಕ್ಕಿದವರ ಜೊತೆ ವ್ಯವಹರಿಸಬೇಕಾಗುತ್ತದೆ. ಆಕ್ಸೆಸರಿ ರೂಪದ ರಿಯಾಯಿತಿಗಿಂತ ಬಿಲ್‌ನಲ್ಲೇ ಕಡಿತವಾದ ರಿಯಾಯಿತಿ ಮೇಲು. ಇನ್ವಾಯ್ಸ್‌ನಲ್ಲಿ ಕಾಣಿಸಿದ ಕಡಿತಕ್ಕೆ ಜಿಎಸ್‌ಟಿಯೂ ಬೀಳುವುದಿಲ್ಲ. 20 ಸಾವಿರದ "ಫ್ರೀ ಕಿಟ್" ಡೀಲರ್‌ಗೆ ಬೀಳುವ ಬೆಲೆ ಅದಕ್ಕಿಂತ ಬಹಳ ಕಡಿಮೆ.

ಯಾವಾಗ ಹೋಗಬೇಕು

ಆಷಾಢ. ಇದಕ್ಕಿಂತ ಒಳ್ಳೆಯ ಉತ್ತರ ಈ ಊರಿನಲ್ಲಿಲ್ಲ. ಜನ ಹೊಸ ಗಾಡಿ ತೆಗೆಯಲು ಹಿಂಜರಿಯುವ ತಿಂಗಳು, ಡೀಲರ್ ಟಾರ್ಗೆಟ್ ಮಾತ್ರ ಹಾಗೇ ಇರುತ್ತದೆ. ಪಿತೃಪಕ್ಷವೂ ಹೀಗೆಯೇ. ಆಷಾಢದಲ್ಲಿ ಬಿಲ್ ಮಾಡಿಸಿ ಶ್ರಾವಣದಲ್ಲಿ ಕಾರು ತರುವವರೂ ಇದ್ದಾರೆ, ಏಕೆಂದರೆ ಕಂಪನಿಯ ಆಫರ್ ನೋಡುವುದು ಬಿಲ್ ದಿನಾಂಕವನ್ನು. ಹಾಗೆ ಮಾಡಿದರೆ ಕಾರು ನಿಮ್ಮ ಹೆಸರಿನಲ್ಲಿ ಯಾರ್ಡ್‌ನಲ್ಲಿ ಮಳೆಗೆ ನಿಂತಿರುತ್ತದೆ, ವಿಮೆಯ ದಿನಗಳು ಓಡುತ್ತಿರುತ್ತವೆ. ಅಲ್ಲಿವರೆಗಿನ ಹಾನಿ ಯಾರ ಹೊಣೆ ಎಂದು ಒಂದು ಸಾಲು ಬರೆಸಿಕೊಳ್ಳಿ. ಆಯುಧಪೂಜೆ, ದೀಪಾವಳಿ, ಯುಗಾದಿ ಹೊತ್ತಿಗೆ ಡೆಲಿವರಿಗೆ ಸರತಿ ಇರುತ್ತದೆ. ಜಾಹೀರಾತಿನ ಹಬ್ಬದ ಆಫರ್ ಸಿಗಬಹುದು, ಡೀಲರ್ ಕೈಯಿಂದ ಹೆಚ್ಚೇನೂ ಬರುವುದಿಲ್ಲ.

ತಿಂಗಳ ಕೊನೆಯ ದಿನಗಳ ಮಹಿಮೆ ಅರ್ಧ ಸತ್ಯ. ಟಾರ್ಗೆಟ್‌ಗೆ ಎರಡು ಮೂರು ಕಾರು ಕಡಿಮೆ ಇದ್ದ ಡೀಲರ್ ಬಗ್ಗುತ್ತಾರೆ, ಮುಟ್ಟಿದವರು ಬಗ್ಗುವುದಿಲ್ಲ. ಡಿಸೆಂಬರ್‌ನಲ್ಲಿ ರಿಯಾಯಿತಿ ಹೆಚ್ಚು, ಆದರೆ ಜನವರಿ ಒಂದಕ್ಕೆ ನಿಮ್ಮ ಕಾರು ದಾಖಲೆಯಲ್ಲಿ ಹಿಂದಿನ ವರ್ಷದ್ದು. ಏಳೆಂಟು ವರ್ಷ ಇಟ್ಟುಕೊಳ್ಳುವವರಿಗೆ ಅದು ಲೆಕ್ಕಕ್ಕಿಲ್ಲ, ಮೂರು ವರ್ಷಕ್ಕೆ ಮಾರುವವರಿಗೆ ಲೆಕ್ಕಕ್ಕಿದೆ. ಬುಕಿಂಗ್ ದಿನದ ಬೆಲೆ ಖಾಯಂ ಅಲ್ಲ ಎಂಬುದನ್ನೂ ನೆನಪಿಡಿ, ಅನ್ವಯಿಸುವುದು ಬಿಲ್ ದಿನದ ಬೆಲೆ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಾಗ ಮೊದಲೇ ಬುಕ್ ಮಾಡಿ ಕಾಯುತ್ತಿದ್ದವರಿಗೂ ಲಾಭ ಸಿಕ್ಕಿದ್ದು ಇದೇ ಕಾರಣಕ್ಕೆ. ಜನವರಿಯ ಬೆಲೆ ಏರಿಕೆಯಲ್ಲಿ ಇದೇ ನಿಯಮ ತಿರುಗಿ ಬೀಳುತ್ತದೆ.

ನೇರ ಖರೀದಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಬೆಲೆ ನಿಗದಿ. ಲ್ಯಾವೆಲ್ ರಸ್ತೆಯಲ್ಲಿ ಕೇಳಿದರೂ ಮುಂಬೈಯಲ್ಲಿ ಕೇಳಿದರೂ ಅದೇ ಅಂಕಿ. ಪಕ್ಕದ ಮನೆಯವರು ನಿಮಗಿಂತ ಎರಡು ಲಕ್ಷ ಕಡಿಮೆಗೆ ತಂದರೆಂಬ ಹೊಟ್ಟೆಯುರಿ ಇಲ್ಲ. ಸ್ಟಾಕ್ ಎಲ್ಲರಿಗೂ ಒಂದೇ ಆದ್ದರಿಂದ ನಿಮಗೆ ಬೇಕಾದ ಬಣ್ಣ ಬೇರೆ ಊರಿನಲ್ಲಿದ್ದರೂ ಸಿಗುವ ಸಾಧ್ಯತೆ ಹೆಚ್ಚು. ಕಂಪನಿ ತಾನೇ ಆಫರ್ ಬಿಟ್ಟರೆ ಅದು ಎಲ್ಲರಿಗೂ, ಬಿಡದಿದ್ದರೆ ಯಾರಿಗೂ ಇಲ್ಲ.

ಹಾಗೆಂದು ಬಾಯಿ ಮುಚ್ಚಿ ಕೂರಬೇಕಿಲ್ಲ. ಕಾರಿನ ಬೆಲೆ ಅಲುಗದಿದ್ದರೂ ಹಳೆ ಕಾರಿನ ಮೌಲ್ಯ, ಸಾಲದ ಬಡ್ಡಿ, ವಿಮೆ, ಸರ್ವಿಸ್ ಪ್ಯಾಕೇಜ್, ವಿಸ್ತರಿತ ವಾರಂಟಿ ಇವು ಮಾತಿಗೆ ಸಿಗುತ್ತವೆ. 60 ಲಕ್ಷದ ಕಾರಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲೇ ಸಣ್ಣ ಕಾರಿನ ಇಡೀ ಡಿಸ್ಕೌಂಟ್‌ನಷ್ಟು ವ್ಯತ್ಯಾಸ ಸಿಗಬಹುದು. ತೆರಿಗೆಯಲ್ಲಿ ಯಾವ ಲಾಭವೂ ಇಲ್ಲ. 20 ಲಕ್ಷ ದಾಟಿದ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಸೆಸ್ ಸೇರಿ 20%ಕ್ಕೆ ಕೂದಲೆಳೆಯಷ್ಟು ಕಡಿಮೆ. ವಿದ್ಯುತ್ ಕಾರಿಗೆ 25 ಲಕ್ಷ ಮೀರಿದರೆ 2024ರಿಂದ 10%.

ತೊಂದರೆ ಬೇರೆ ಕಡೆ. ಕೆಲವು ನೇರ ಮಾರಾಟಗಾರರ ಬುಕಿಂಗ್ ಹಣದಲ್ಲಿ ಒಂದು ಭಾಗ ವಾಪಸ್ ಬರುವುದಿಲ್ಲ, ಷರತ್ತು ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿದೆಯೇ, ಬಾಡಿ ರಿಪೇರಿ ಎಲ್ಲಿ, ಬಿಡಿಭಾಗ ಎಲ್ಲಿಂದ ಬರಬೇಕು ಎಂದು ಹಣ ಕಟ್ಟುವ ಮೊದಲು ಕೇಳಿ. ಡೀಲರ್ ಮಾದರಿಯಲ್ಲಿ ಒಂದು ವರ್ಕ್‌ಶಾಪ್ ಸರಿಯಿಲ್ಲದಿದ್ದರೆ ಇನ್ನೊಂದು ಡೀಲರ್ ಹತ್ತಿರ ಹೋಗಬಹುದು, ಇಲ್ಲಿ ಆ ಆಯ್ಕೆ ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ನೇರ ಮಾದರಿ ಸ್ಪಷ್ಟವಾಗಿ ಮೇಲು. ಡೀಲರ್ ಬಿಲ್ ಹಾಕಿದ ಕಾರಿನಲ್ಲಿ ದೋಷ ಕಂಡರೆ, ಕಂಪನಿ "ಮಾರಿದ್ದು ಡೀಲರ್" ಎನ್ನುತ್ತದೆ, ಡೀಲರ್ "ತಯಾರಿಸಿದ್ದು ಕಂಪನಿ" ಎನ್ನುತ್ತಾರೆ. ಗ್ರಾಹಕ ಆಯೋಗಕ್ಕೆ ಹೋಗುವವರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕಾಗುವುದು ಅದಕ್ಕೇ. ಕಂಪನಿಯೇ ಬಿಲ್ ಹಾಕಿದ್ದರೆ ಬೆರಳು ತೋರಿಸಲು ಇನ್ನೊಬ್ಬರಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ: ಸ್ಟಾಕ್ ಇರುವ ಮಾಡೆಲ್, ಬಣ್ಣದಲ್ಲಿ ಹಟವಿಲ್ಲ, ಒಂದೆರಡು ವಾರ ಓಡಾಡಲು ಸಮಯವಿದೆ ಎನ್ನುವವರಿಗೆ ಡೀಲರ್ ದಾರಿಯಲ್ಲೇ ಹೆಚ್ಚು ಉಳಿತಾಯ. ಒಂದೇ ಬ್ರ್ಯಾಂಡ್ ಬೇಕು, ಅದು ನೇರವಾಗಿಯೇ ಮಾರುತ್ತದೆ ಎಂದಾದರೆ ಚೌಕಾಸಿಯ ಆಸೆ ಬಿಟ್ಟು ವಿಮೆ ಮತ್ತು ಸಾಲದ ಮೇಲೆ ಗಮನ ಇಡಿ. ಚೌಕಾಸಿ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ಬೇರೆ ಬ್ರ್ಯಾಂಡ್‌ಗೆ ಹಾರುವುದು ದುಬಾರಿ ಸಂಕೋಚ.

ಪೂರ್ತಿ ಹಣ ಕಟ್ಟುವ ಮೊದಲು

ಯಾವ ದಾರಿಯಾದರೂ, ನೋಂದಣಿಗೆ ಮೊದಲೇ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಯಾರ್ಡ್ ಊರಾಚೆ ಇದ್ದರೂ ಅಲ್ಲಿಗೇ ಹೋಗಿ, ಶೋರೂಮ್‌ಗೆ ತಂದು ತೊಳೆದು ರಿಬ್ಬನ್ ಕಟ್ಟಿದ ಮೇಲೆ ನೋಡುವುದರಲ್ಲಿ ಅರ್ಥವಿಲ್ಲ. ಚಾಸಿ ನಂಬರ್ ಪ್ರೊಫಾರ್ಮಾಗೆ ತಾಳೆಯಾಗಬೇಕು. ತಯಾರಿಕೆಯ ತಿಂಗಳು ಫಾರ್ಮ್ 21ರಲ್ಲಿ (ಮಾರಾಟ ಪ್ರಮಾಣಪತ್ರ) ಇರುತ್ತದೆ, ಅದರ ಪ್ರತಿ ಕೇಳಿ. ಟೈರ್ ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2325 ಎಂದರೆ 2025ರ 23ನೇ ವಾರ. ಐದು ಟೈರ್‌ಗಳ ದಿನಾಂಕ ಹತ್ತಿರ ಹತ್ತಿರ ಇಲ್ಲದಿದ್ದರೆ ಯಾವುದೋ ಬದಲಾಗಿದೆ. ಓಡೋಮೀಟರ್ ನೂರಾರು ಕಿಲೋಮೀಟರ್ ತೋರಿಸಿದರೆ ಅದು ಟೆಸ್ಟ್ ಡ್ರೈವ್‌ಗೋ ಬೇರೆ ಊರಿನಿಂದ ಓಡಿಸಿ ತಂದದ್ದಕ್ಕೋ ಎಂದು ವಿವರ ಕೇಳಿ. ಕಾರ್ಪೆಟ್ ಎತ್ತಿ, ಸ್ಟೆಪ್ನಿ ಗುಂಡಿಯಲ್ಲಿ ಕೈಯಾಡಿಸಿ. ಕೆಸರು ಅಥವಾ ತುಕ್ಕು ಸಿಕ್ಕರೆ ನೀರು ನಿಂತ ಯಾರ್ಡ್‌ನ ಕಾರು ಅದು.

ಹಣವನ್ನು ಡೀಲರ್ ಸಂಸ್ಥೆಯ ಅಥವಾ ಕಂಪನಿಯ ಬ್ಯಾಂಕ್ ಖಾತೆಗೆ ಮಾತ್ರ ಆರ್‌ಟಿಜಿಎಸ್ ಮಾಡಿ. ಸೇಲ್ಸ್‌ನವರ ಸ್ವಂತ ಯುಪಿಐಗೆ ಬುಕಿಂಗ್ ಹಣ ಎಂದು ಐದು ಸಾವಿರವನ್ನೂ ಹಾಕಬೇಡಿ. ಅವರು ಮುಂದಿನ ತಿಂಗಳು ಕೆಲಸ ಬಿಟ್ಟರೆ ಆ ಹಣಕ್ಕೆ ದಾಖಲೆಯೇ ಇಲ್ಲ. ನಗದು 2 ಲಕ್ಷ ಮುಟ್ಟುವ ಹಾಗಿಲ್ಲ. ಒಪ್ಪಿದ ಡಿಸ್ಕೌಂಟ್, ಫ್ರೀ ಎಂದ ಮ್ಯಾಟ್, ಡೆಲಿವರಿ ದಿನ, ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದೆಲ್ಲ ಬುಕಿಂಗ್ ಫಾರ್ಮ್ ಮೇಲೆ ಕೈಬರಹದಲ್ಲಾದರೂ ಇರಲಿ, ಸೀಲ್ ಹಾಕಿಸಿ. ರದ್ದು ಮಾಡುವುದಾದರೆ ಫೋನಿನಲ್ಲಿ ಹೇಳಿ ಸುಮ್ಮನಾಗದೆ ಇಮೇಲ್ ಕಳಿಸಿ. ಹಣ ವಾಪಸ್ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಮೊದಲು ಕೇಳುವುದು ಆ ಇಮೇಲ್ ಮತ್ತು ರಸೀದಿಯನ್ನೇ.